ಜರ್ಮನಿಯಲ್ಲಿ ಖಾಲಿ ಬಾಟಲಿಗೂ ದುಡ್ಡು

ಜರ್ಮನಿಗೆ ಹೊಸದಾಗಿ ಬಂದಿದ್ದೀರಾ? ನೀರು ಕುಡಿದು ಮುಗಿಸಿದ ಬಾಟಲಿಯನ್ನು ಕಸಕ್ಕೆ ಹಾಕಬೇಡಿ. ಅದರಲ್ಲಿ ನಿಮ್ಮ ದುಡ್ಡಿದೆ.

ಅಂಗಡಿಯ ಬಿಲ್ಲು ನೋಡಿ. ನೀರಿನ ಬೆಲೆಯ ಕೆಳಗೆ ‘ಫಾಂಡ್’ ಅಂತ 25 ಸೆಂಟ್ ಬೇರೆ ಸೇರಿಸಿರುತ್ತಾರೆ. ಅದು ಠೇವಣಿ. ಒಮ್ಮೆ ಬಳಸಿ ಬಿಡುವ ಬಾಟಲಿ, ಕ್ಯಾನುಗಳಿಗೆ ಈ ನಿಯಮ ಬಂದಿದ್ದು 2003ರಲ್ಲಿ. ತೊಳೆದು ಮತ್ತೆ ತುಂಬುವ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್.

ಖಾಲಿ ಬಾಟಲಿಗಳನ್ನು ಸೂಪರ್‌ಮಾರ್ಕೆಟ್‌ಗೆ ಒಯ್ಯಿರಿ. ಅಲ್ಲಿ ದುಂಡು ಬಾಯಿಯ ಮೆಷಿನ್ ಇರುತ್ತೆ. ಒಂದೊಂದಾಗಿ ಒಳಗಿಡಿ; ಮೆಷಿನ್ ಬಾಟಲಿಯನ್ನು ಗರಗರ ತಿರುಗಿಸಿ, ಬಾರ್‌ಕೋಡ್ ಓದಿ, ಒಳಗೆಳೆದುಕೊಳ್ಳುತ್ತೆ. ಅದಕ್ಕೇ ಬಾಟಲಿ ಜಜ್ಜಬೇಡಿ, ಲೇಬಲ್ ಕೀಳಬೇಡಿ. ಕೊನೆಗೆ ಬಟನ್ ಒತ್ತಿದರೆ ಚೀಟಿ ಬರುತ್ತೆ. ಕ್ಯಾಷಿಯರ್‌ಗೆ ಕೊಟ್ಟರೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ, ಇಲ್ಲವೇ ನಗದು ಕೊಡುತ್ತಾರೆ.

ಬೀದಿಯಲ್ಲಿ ಕಸದ ಡಬ್ಬಿಯ ಪಕ್ಕ ಯಾರೋ ಬಾಟಲಿ ನಿಲ್ಲಿಸಿ ಹೋಗಿರೋದು ಕಾಣುತ್ತೆ. ಬಾಟಲಿ ಆಯ್ದು ನಾಲ್ಕು ಕಾಸು ಮಾಡಿಕೊಳ್ಳುವವರು ಕಸಕ್ಕೆ ಕೈ ಹಾಕುವಂತಾಗದಿರಲಿ ಅಂತ ಹಾಗೆ ಇಡುತ್ತಾರೆ. ಇಲ್ಲಿನ ರೂಢಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಇನ್ನೊಂದು ಮಾತು. ಭಾನುವಾರ ಅಂಗಡಿಗಳು ಬಂದ್. ಹಾಲು, ಮೊಸರು, ಈರುಳ್ಳಿ ಶನಿವಾರವೇ ತಂದಿಟ್ಟುಕೊಳ್ಳಿ. ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣಗಳೊಳಗಿನ ಅಂಗಡಿಗಳು ಸಾಮಾನ್ಯವಾಗಿ ತೆರೆದಿರುತ್ತವೆ.