ತಿರಸ್ಕೃತ ಅಂಚೆ ಮತ: ತಿದ್ದಿಕೊಳ್ಳುವ ಅವಕಾಶ ಮತದಾರನಿಗೇಕಿಲ್ಲ?

2023ರ ಮೇ 13ರ ತಡರಾತ್ರಿ ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರದ ಫಲಿತಾಂಶ ಹೊರಬಿತ್ತು. ಮರುಎಣಿಕೆಯ ಬಳಿಕ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರಿಗಿಂತ 16 ಮತ ಮುಂದಿದ್ದರು. ಎಣಿಕೆ ಕೇಂದ್ರದ ಹೊರಗೆ ನಡೆದ ಜಟಾಪಟಿಯ ಮೂಲ ಮತಯಂತ್ರವಲ್ಲ, ಮೊದಲು ತಿರಸ್ಕೃತವಾಗಿ ಆಮೇಲೆ ಮತ್ತೆ ಪರಿಶೀಲನೆಗೆ ಬಂದ ಅಂಚೆ ಮತಪತ್ರಗಳು. ಎರಡೂ ಪಕ್ಷಗಳು ವಾದ ಮಾಡಿದವು, ಅಧಿಕಾರಿಗಳು ಉತ್ತರ ಕೊಟ್ಟರು. ಆ ಮತಪತ್ರಗಳನ್ನು ಕಳಿಸಿದವರನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಬೇಕೆಂದು ನಿಯಮವೂ ಹೇಳುವುದಿಲ್ಲ. ನಮ್ಮಲ್ಲಿ ಅಂಚೆ ಮತವನ್ನು ತಿರಸ್ಕರಿಸುವ ನಿಯಮಗಳು ವಿವರವಾಗಿವೆ. ತಿರಸ್ಕಾರ ತಪ್ಪಾಗಿದ್ದರೆ ಅಭ್ಯರ್ಥಿ ಹೋರಾಡಲು ದಾರಿಯೂ ಇದೆ. ಆದರೆ ಮತ ಹಾಕಿದವನು ತನ್ನ ಸಣ್ಣ ಲೋಪವನ್ನು ಸಕಾಲದಲ್ಲಿ ಸರಿಪಡಿಸಿಕೊಳ್ಳುವ ದಾರಿ ಇಲ್ಲ. ಈ ಕೊರತೆ ಹೇಗೆ ಬಂತು ಎಂದು ಹುಡುಕಿದರೆ, ಇದುವರೆಗಿನ ಹಲವು ಸುಧಾರಣೆಗಳು ಸೋಲು-ಗೆಲುವಿನ ಜಗಳದಿಂದ ಹುಟ್ಟಿವೆ, ಮತದಾರನ ಹಕ್ಕಿನ ಚಿಂತೆಯಿಂದ ಹುಟ್ಟಿದ್ದು ಕಡಿಮೆ ಎಂಬುದು ಕಾಣುತ್ತದೆ.

ಅಂಚೆ ಮತದ ಬೇರು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 60ನೇ ಕಲಮಿನಲ್ಲಿದೆ. ಸೈನಿಕರು, ಮುಂಜಾಗ್ರತಾ ಬಂಧನದಲ್ಲಿರುವವರು, ಚುನಾವಣಾ ಆಯೋಗ ಅಧಿಸೂಚಿಸುವ ಇತರ ವರ್ಗದವರು ಮತಗಟ್ಟೆಗೆ ಬರಲಾಗದಿದ್ದರೂ ಮತ ಹಾಕಬಹುದು ಎಂಬುದು ಅದರ ಆಶಯ. ವಿಧಾನವನ್ನು ಬಿಡಿಸಿ ಹೇಳಿದ್ದು 1961ರ ಚುನಾವಣೆ ನಡೆಸುವ ನಿಯಮಗಳು. ಮತಗಟ್ಟೆಯಲ್ಲಿ ಮತದಾರನ ಮುಖ ನೋಡಿ, ಪಟ್ಟಿಯಲ್ಲಿ ಹೆಸರು ಹುಡುಕಿ, ಬೆರಳಿಗೆ ಶಾಯಿ ಹಚ್ಚುತ್ತಾರೆ. ಅಂಚೆಯಲ್ಲಿ ಈ ಮೂರೂ ಇಲ್ಲ. ಆ ಕೊರತೆ ತುಂಬಲು ಎರಡು ಲಕೋಟೆಗಳ ವ್ಯವಸ್ಥೆ ಬಂತು. ಗುರುತು ಹಾಕಿದ ಮತಪತ್ರ 13ಬಿ ಎಂಬ ಒಳ ಲಕೋಟೆಗೆ ಹೋಗಬೇಕು. ಆ ಲಕೋಟೆಯೂ 13ಎ ನಮೂನೆಯ ಘೋಷಣಾ ಪತ್ರವೂ ಸೇರಿ 13ಸಿ ಎಂಬ ಹೊರ ಲಕೋಟೆಗೆ ಹೋಗಬೇಕು. ಘೋಷಣೆಗೆ ಮತದಾರ ಸಹಿ ಹಾಕಬೇಕು, ಆ ಸಹಿಯನ್ನು ಅಧಿಕಾರವುಳ್ಳವರೊಬ್ಬರು ದೃಢೀಕರಿಸಬೇಕು. ಸೈನಿಕನಿಗಾದರೆ ಘಟಕದ ಕಮಾಂಡಿಂಗ್ ಅಧಿಕಾರಿ ನೇಮಿಸಿದ ಅಧಿಕಾರಿ, ಚುನಾವಣಾ ಕರ್ತವ್ಯದಲ್ಲಿರುವ ಶಿಕ್ಷಕನಿಗಾದರೆ ಗೆಜೆಟೆಡ್ ಅಧಿಕಾರಿ. ಮತ ಹಾಕಿದವರು ಯಾರು ಎಂಬುದನ್ನು ಹೊರಗಿನ ಕಾಗದ ಹೇಳುತ್ತದೆ, ಯಾರಿಗೆ ಹಾಕಿದರು ಎಂಬುದು ಒಳಗಿನ ಲಕೋಟೆಯಲ್ಲಿ ಗುಟ್ಟಾಗಿ ಉಳಿಯುತ್ತದೆ. ವ್ಯವಸ್ಥೆಯ ತರ್ಕ ಚೆನ್ನಾಗಿಯೇ ಇದೆ.

ತೊಡಕು ಬರುವುದು ಎಣಿಕೆಯ ದಿನ. ನಿಯಮ 54ಎ ಪ್ರಕಾರ ಅಂಚೆ ಮತಗಳನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಘೋಷಣಾ ಪತ್ರ ಇಲ್ಲದಿದ್ದರೆ, ಸಹಿ ಅಥವಾ ದೃಢೀಕರಣ ಸರಿಯಾಗಿ ಆಗಿರದಿದ್ದರೆ, ಅದರಲ್ಲಿ ಬೇರಾವುದೇ ಗಣನೀಯ ದೋಷವಿದ್ದರೆ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ ಲಕೋಟೆಯ ಸಂಖ್ಯೆಗೆ ತಾಳೆಯಾಗದಿದ್ದರೆ ಒಳ ಲಕೋಟೆಯನ್ನು ಬಿಚ್ಚದೆಯೇ ತಿರಸ್ಕರಿಸಬೇಕು. ಇದನ್ನು ದಾಟಿ ಬಂದ ಮತಪತ್ರಕ್ಕೆ ಎರಡನೇ ಪರೀಕ್ಷೆ: ಯಾರಿಗೂ ಮತ ಹಾಕಿರದಿದ್ದರೆ, ಒಬ್ಬರಿಗಿಂತ ಹೆಚ್ಚು ಮಂದಿಗೆ ಹಾಕಿದ್ದರೆ, ಮತದಾರನ ಗುರುತು ಸಿಗುವಂಥ ಬರಹವಿದ್ದರೆ, ಮತಪತ್ರ ನಕಲಿಯಾಗಿದ್ದರೆ ಅಸಿಂಧು. ಆದರೆ ಗುರುತು ಅಸ್ಪಷ್ಟವಾಗಿದೆ ಎಂಬ ಒಂದೇ ಕಾರಣಕ್ಕೆ, ಅಥವಾ ಒಬ್ಬನೇ ಅಭ್ಯರ್ಥಿಗೆ ಎರಡು ಸಲ ಗುರುತು ಹಾಕಿದ್ದಾರೆ ಎಂಬ ಕಾರಣಕ್ಕೆ, ಉದ್ದೇಶ ಸ್ಪಷ್ಟವಾಗಿದ್ದಾಗ ಮತವನ್ನು ತಳ್ಳಿಹಾಕುವಂತಿಲ್ಲ. ಅಂದರೆ ಮತದ ವಿಷಯದಲ್ಲಿ ಕಾನೂನು ಉದಾರಿ, ಕಾಗದದ ವಿಷಯದಲ್ಲಿ ಕಟ್ಟುನಿಟ್ಟು. ಯಾವ ದೋಷ ಗಣನೀಯ ಎಂಬುದನ್ನು ಎಣಿಕೆಯ ಗದ್ದಲದ ನಡುವೆ ಚುನಾವಣಾಧಿಕಾರಿಯೇ ನಿರ್ಧರಿಸಬೇಕು. ಅಷ್ಟು ಹೊತ್ತಿಗೆ ಮತದಾರನಿಗೆ ಏನನ್ನೂ ತಿದ್ದಲು ಕಾಲ ಮಿಂಚಿರುತ್ತದೆ.

ಈ ವಿವೇಚನಾಧಿಕಾರ ಎಷ್ಟು ದೂರ ಹೋಗಬಹುದು ಎಂಬುದನ್ನು ಗುಜರಾತಿನ ಧೋಲ್ಕಾ ಕ್ಷೇತ್ರ ತೋರಿಸಿತು. 2017ರಲ್ಲಿ ಅಲ್ಲಿ ಬಿಜೆಪಿಯ ಭೂಪೇಂದ್ರಸಿಂಹ ಚೂಡಾಸಮಾ 327 ಮತಗಳಿಂದ ಗೆದ್ದರು. ತಿರಸ್ಕೃತವಾಗಿದ್ದ ಅಂಚೆ ಮತಗಳು 429. ಬಂದದ್ದು 1,356 ಆದರೂ ಲೆಕ್ಕಕ್ಕೆ ಸಿಕ್ಕಿದ್ದು 927. ಸೋತ ಕಾಂಗ್ರೆಸ್ ಅಭ್ಯರ್ಥಿ ಅಶ್ವಿನ್ ರಾಥೋಡ್ ಅವರ ಅರ್ಜಿಯ ಮೇಲೆ ಗುಜರಾತ್ ಹೈಕೋರ್ಟ್ 2020ರ ಮೇ 12ರಂದು, ಈ ಮತಗಳನ್ನು ಅಕ್ರಮವಾಗಿ ಲೆಕ್ಕದಿಂದ ಹೊರಗಿಡಲಾಗಿದೆ ಎಂದು ಹೇಳಿ ಆಗ ಸಚಿವರಾಗಿದ್ದ ಚೂಡಾಸಮಾ ಅವರ ಆಯ್ಕೆಯನ್ನೇ ಅಸಿಂಧುಗೊಳಿಸಿತು. ಮೂರೇ ದಿನಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಈ ತೀರ್ಪಿಗೆ ಮೊದಲೇ, ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ, ಫಲಿತಾಂಶ ಘೋಷಿಸುವ ಮೊದಲು ಅವೆಲ್ಲವನ್ನೂ ಮತ್ತೆ ಪರಿಶೀಲಿಸಬೇಕು ಎಂದು ಆಯೋಗ 2019ರ ಮೇ ತಿಂಗಳಲ್ಲಿ ಸೂಚಿಸಿತ್ತು. 2020ರ ನವೆಂಬರಿನಲ್ಲಿ ಬಿಹಾರದ ಹಿಲ್ಸಾದಲ್ಲಿ ಜೆಡಿಯು ಅಭ್ಯರ್ಥಿ 12 ಮತಗಳಿಂದ ಗೆದ್ದಾಗ, ತಿರಸ್ಕೃತವಾಗಿದ್ದ 182 ಅಂಚೆ ಮತಗಳಿಗೆ ಈ ಸೂಚನೆ ಅನ್ವಯವಾಯಿತು. ಒಳ್ಳೆಯ ಸೂಚನೆಯೇ. ಆದರೆ ಅದರ ಒಳಗುಟ್ಟು ಗಮನಿಸಿ: 12 ಮತದ ಅಂತರವಿದ್ದಾಗ ಮರುಜೀವ ಪಡೆಯಬಹುದಾದ ಮತ, 12 ಸಾವಿರದ ಅಂತರವಿದ್ದಾಗ ಅದೇ ದೋಷಕ್ಕೆ ಸತ್ತೇ ಹೋಗುತ್ತದೆ. ಮತದ ಬೆಲೆ ಅದು ಬದಲಿಸಬಲ್ಲ ಫಲಿತಾಂಶದ ಮೇಲೆ ನಿಂತಿದೆ, ಅದನ್ನು ಹಾಕಿದ ವ್ಯಕ್ತಿಯ ಹಕ್ಕಿನ ಮೇಲಲ್ಲ.

ಆಂಧ್ರಪ್ರದೇಶದ 2024ರ ಜಗಳ ಇನ್ನೊಂದು ಮುಖವನ್ನು ತೋರಿಸಿತು. ಘೋಷಣಾ ಪತ್ರದಲ್ಲಿ ದೃಢೀಕರಿಸಿದ ಅಧಿಕಾರಿಯ ಸಹಿ ಇದೆ, ಹೆಸರು, ಹುದ್ದೆ, ಮೊಹರು ಇಲ್ಲ, ಏನು ಮಾಡಬೇಕು? ಚುನಾವಣಾಧಿಕಾರಿಯೇ ನೇಮಿಸಿದ ಅಧಿಕಾರಿಯ ಸಹಿಯಾಗಿದ್ದರೆ ಅಷ್ಟಕ್ಕೇ ತಿರಸ್ಕರಿಸಬಾರದು ಎಂದು ಆಯೋಗ ಎಣಿಕೆಗೆ ಕೆಲವೇ ದಿನ ಮೊದಲು ಹೇಳಿತು. ಆಟದ ನಡುವೆ ನಿಯಮ ಬದಲಾಯಿತು ಎಂದು ವೈಎಸ್‌ಆರ್ ಕಾಂಗ್ರೆಸ್ ಹೈಕೋರ್ಟಿಗೆ ಹೋಯಿತು. ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರೆ, ಎಣಿಕೆಯ ಹಿಂದಿನ ದಿನವಾದ ಜೂನ್ 3ರಂದು ಅಲ್ಲಿಯೂ ಮಧ್ಯಪ್ರವೇಶಕ್ಕೆ ನಿರಾಕರಣೆ ಸಿಕ್ಕಿತು. ಪಕ್ಷದ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾಗದು. ಕಡೆಗಳಿಗೆಯ ಸ್ಪಷ್ಟೀಕರಣ ಯಾವ ನಿಯಮಕ್ಕೂ ಶೋಭೆಯಲ್ಲ. ಆದರೆ ಮೊಹರು ಒತ್ತದೆ ಬಿಟ್ಟವನು ಅಧಿಕಾರಿ, ಮತ ಕಳೆದುಕೊಳ್ಳುವವನು ಶಿಕ್ಷಕ ಎಂಬ ಸ್ಥಿತಿ ಅದಕ್ಕಿಂತ ಕೆಟ್ಟದ್ದು. ದೋಷವನ್ನು ಮತದಾನದ ಹಂತದಲ್ಲೇ ಹಿಡಿದು ಸರಿಪಡಿಸುವ ಕ್ರಮವಿದ್ದಿದ್ದರೆ ಈ ಜಗಳಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ಅಂಥ ಕ್ರಮ ನಮ್ಮಲ್ಲಿ ಅರ್ಧಕ್ಕೆ ಬಂದು ನಿಂತಿದೆ. 2019ರ ತಿದ್ದುಪಡಿಯಿಂದ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಿತು. 2024ರಲ್ಲಿ ಆ ವಯೋಮಿತಿ 85ಕ್ಕೆ ಏರಿತು. ಅವರ ಮನೆಗೆ ಸಿಬ್ಬಂದಿಯೇ ಬರುವುದರಿಂದ ಕಾಗದದ ಲೋಪ ಅಲ್ಲೇ ಕಣ್ಣಿಗೆ ಬೀಳುತ್ತದೆ. ಚುನಾವಣಾ ಕರ್ತವ್ಯದಲ್ಲಿರುವವರು ಸೌಲಭ್ಯ ಕೇಂದ್ರದಲ್ಲೇ ಮತಪತ್ರ ಪಡೆದು, ಅಲ್ಲೇ ಮತ ಹಾಕಿ, ಅಲ್ಲೇ ಒಪ್ಪಿಸಬೇಕು ಎಂದು 2023ರಲ್ಲಿ ನಿಯಮ ಬದಲಾಯಿತು. ಮತಪತ್ರ ಬಹುಕಾಲ ಕೈಯಲ್ಲಿದ್ದರೆ ಆಮಿಷ, ಒತ್ತಡಗಳಿಗೆ ಎಡೆಯಾಗುತ್ತದೆ ಎಂಬುದು ಅದರ ಉದ್ದೇಶ. ಜೊತೆಗೆ, ಸಹಿ ತಪ್ಪಿದರೆ ತಿದ್ದಬಲ್ಲ ಅಧಿಕಾರಿ ಎದುರಿಗೇ ಇರುವ ಲಾಭವೂ ಸಿಕ್ಕಿತು. ಉಳಿದವರು ಸೈನಿಕರಂಥ ಸೇವಾ ಮತದಾರರು. 2016ರಿಂದ ಅವರಿಗೆ ಮತಪತ್ರ ವಿದ್ಯುನ್ಮಾನ ರೂಪದಲ್ಲಿ ಹೋಗುತ್ತದೆ, ಮರಳಿ ಬರುವುದು ಅಂಚೆಯಲ್ಲೇ. ಗಡಿಯ ಠಾಣೆಯಿಂದ ಬಂದ ಲಕೋಟೆ ಚುನಾವಣಾಧಿಕಾರಿಯ ಬಳಿ ಮುಚ್ಚಿದಂತೆಯೇ ಇದ್ದು ಎಣಿಕೆಯ ದಿನ ಬಿಚ್ಚಿಕೊಳ್ಳುತ್ತದೆ. ಒಳಗೆ ಲೋಪವಿದ್ದರೆ ಯೋಧನಿಗೆ ಅದು ಎಂದೂ ಗೊತ್ತಾಗುವುದಿಲ್ಲ.

ಅಮೆರಿಕದ ಮಿನ್ನೆಸೋಟ ಇದೇ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿತು. 2008ರ ಸೆನೆಟ್ ಚುನಾವಣೆಯಲ್ಲಿ ನಾರ್ಮ್ ಕೋಲ್ಮನ್ ಮೊದಲು 215 ಮತ ಮುಂದಿದ್ದರು. ತಪ್ಪಾಗಿ ತಿರಸ್ಕೃತವಾಗಿದ್ದ 933 ಗೈರುಮತಗಳನ್ನೂ ಸೇರಿಸಿ ಮರುಎಣಿಕೆ ಮುಗಿದಾಗ ಅಲ್ ಫ್ರಾಂಕೆನ್ 225 ಮತ ಮುಂದೆ ಬಂದರು. ವಿಚಾರಣೆಯ ನಂತರ ಇನ್ನೂ 351 ಮತ ತೆರೆದಾಗ ಅಂತರ 312 ಆಯಿತು. 2009ರ ಜೂನ್ 30ರಂದು ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯುವವರೆಗೆ ಆ ಸೆನೆಟ್ ಸ್ಥಾನ ಖಾಲಿಯೇ ಇತ್ತು. ಮರುವರ್ಷ ಅಲ್ಲಿನ ಶಾಸಕಾಂಗ ಗೈರುಮತಗಳ ಪರಿಶೀಲನೆಗೆ ಪ್ರತ್ಯೇಕ ಮಂಡಳಿಗಳನ್ನು ರಚಿಸಿತು. ಈಗಿನ ಕಾನೂನಿನಂತೆ ಚುನಾವಣೆಗೆ ಐದು ದಿನ ಅಥವಾ ಅದಕ್ಕೂ ಮೊದಲೇ ತಿರಸ್ಕೃತವಾದರೆ ಹೊಸ ಮತಪತ್ರ ಕಳಿಸಬೇಕು. ಅವಧಿ ಕಡಿಮೆಯಿದ್ದರೆ ದೂರವಾಣಿ ಅಥವಾ ಇಮೇಲ್ ಮೂಲಕ ಮತದಾರನನ್ನು ಸಂಪರ್ಕಿಸಲು ಯತ್ನಿಸಬೇಕು. ಅಲ್ಲಿಯೂ ಸುಧಾರಣೆಗೆ ನೆಪವಾದದ್ದು ಸೋಲು-ಗೆಲುವಿನ ಜಗಳವೇ. ಆದರೆ ಅದರ ಫಲ ಮತದಾರನ ಕೈಸೇರಿತು.

ಇಂಥ ಮುಂಚಿತ ಪರಿಶೀಲನೆಯನ್ನು ನಮ್ಮಲ್ಲೂ ತರಬೇಕೆಂದರೆ ಎದುರಾಗುವ ಆಕ್ಷೇಪಗಳು ಹಗುರವಲ್ಲ. ಎಣಿಕೆಗೆ ಮೊದಲೇ ಲಕೋಟೆ ತೆರೆದರೆ ಗೋಪ್ಯತೆ ಉಳಿಯುವುದೇ? ಪರಿಶೀಲಿಸಬೇಕಾದದ್ದು ಘೋಷಣಾ ಪತ್ರವನ್ನು ಮಾತ್ರ. ಮತವಿರುವ ಒಳ ಲಕೋಟೆ ಅಂಟಿಸಿದಂತೆಯೇ ಇರುತ್ತದೆ. ಕೈಚಳಕಕ್ಕೆ ದಾರಿಯಾಗದೇ? ಅಭ್ಯರ್ಥಿಗಳ ಏಜೆಂಟರ ಮುಂದೆ, ವಿಡಿಯೊ ಚಿತ್ರೀಕರಣದೊಂದಿಗೆ ತೆರೆದು ಭದ್ರತಾ ಕೊಠಡಿಗೆ ಸೇರಿಸಿದರೆ ಆ ಭಯಕ್ಕೂ ಕಡಿವಾಣ ಬೀಳುತ್ತದೆ. ಸರ್ಕಾರಿ ನೌಕರನಿಗೆ ಒಂದು ನಮೂನೆ ತುಂಬಲು ಬಾರದಿದ್ದರೆ ತಪ್ಪು ಅವನದಲ್ಲವೇ ಎಂಬ ಮಾತೂ ಇದೆ. ಮತಯಂತ್ರದ ಮುಂದೆ ಯಾವ ಮತದಾರನಿಗೂ ಇಂಥ ಪರೀಕ್ಷೆ ಇಲ್ಲ ಎಂಬುದೇ ಅದಕ್ಕೆ ಉತ್ತರ. ನಿಜಕ್ಕೂ ಗಟ್ಟಿಯಾದ ಆಕ್ಷೇಪ ಕಾಲಾವಕಾಶದ್ದು. 2023ರಲ್ಲಿ ಕರ್ನಾಟಕದ ಮತದಾನ ಮೇ 10ಕ್ಕೆ, ಎಣಿಕೆ ಮೇ 13ಕ್ಕೆ ನಡೆಯಿತು. ಕೊನೆಗಳಿಗೆಗೆ ಬಂದ ಲಕೋಟೆಗೆ ತಿದ್ದುಪಡಿ ಸಾಧ್ಯವಿಲ್ಲ. ಆದರೆ 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಮೊದಲ ಹಂತದ ಮತದಾನ ಏಪ್ರಿಲ್ 26ಕ್ಕೆ ಮುಗಿದು ಎಣಿಕೆ ಜೂನ್ 4ಕ್ಕೆ ನಡೆಯಿತು. ನಡುವೆ ಐದು ವಾರಕ್ಕೂ ಹೆಚ್ಚು ಕಾಲವಿತ್ತು. ಎಲ್ಲರನ್ನೂ ಉಳಿಸಲಾಗದು ಎಂಬುದು ಉಳಿಸಬಹುದಾದವರನ್ನು ಕೈಬಿಡಲು ಕಾರಣವಾಗಲಾರದು.

ಬೇಕಿರುವುದು ಮೂರೇ ಬದಲಾವಣೆ. ಲಕೋಟೆ ಕೈಸೇರಿದ ಕೆಲವೇ ದಿನಗಳಲ್ಲಿ ಘೋಷಣಾ ಪತ್ರದ ಪರಿಶೀಲನೆ ಆಗಲಿ. ಲೋಪವಿದ್ದರೆ ಮೊಬೈಲಿಗೆ ಸಂದೇಶ ಹೋಗಿ, ಹೊಸ ಘೋಷಣೆ ಕಳಿಸಲು ಅವಕಾಶ ಸಿಗಲಿ. ಕೊನೆಗೂ ತಿರಸ್ಕರಿಸಿದರೆ ಕಾರಣವನ್ನು ಮತದಾರನಿಗೆ ಲಿಖಿತವಾಗಿ ತಿಳಿಸಲಿ. ಸೈನಿಕನಿಗೆ ಮತಪತ್ರವನ್ನು ಕ್ಷಣಮಾತ್ರದಲ್ಲಿ ತಲುಪಿಸಬಲ್ಲ ಆಯೋಗಕ್ಕೆ, ಅವನ ಮತ ಎಣಿಕೆಯಾಯಿತೋ ಇಲ್ಲವೋ ಎಂದು ತಿಳಿಸುವುದು ಕಷ್ಟದ ಕೆಲಸವಲ್ಲ. ಮುಂದಿನ ಚುನಾವಣೆಗೆ ಮೊದಲು ಕೇಂದ್ರ ಕಾನೂನು ಸಚಿವಾಲಯ 1961ರ ನಿಯಮಗಳಿಗೆ ಈ ತಿದ್ದುಪಡಿ ತರಬೇಕು.