ಪ್ರೆಸ್ಟನ್ನಿನ ಕೊಳಾಯಿಗಾರ ಟಾಮ್ ಫಿನ್ನಿ

ಕೀರ್ತಿಯು ಕೈಗೂಡಿದೊಡನೆ ಹಿಂದಿನ ಕಸುಬನ್ನು ಮರೆಯುವುದು ಲೋಕರೂಢಿ. ಈ ರೂಢಿಗೆ ಹೊರತಾಗಿ ಬಾಳಿದ ಒಬ್ಬ ಕಾಲ್ಚೆಂಡಾಟಗಾರನ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ. ಇಂಗ್ಲೆಂಡ್ ದೇಶದ ಪರವಾಗಿ 76 ಪಂದ್ಯಗಳನ್ನಾಡಿ 30 ಗೋಲುಗಳನ್ನು ಹೊಡೆದ ಟಾಮ್ ಫಿನ್ನಿಯನ್ನು ಜನರು ‘ಪ್ರೆಸ್ಟನ್ನಿನ ಪ್ಲಂಬರ್’ ಎಂದೇ ಕರೆಯುತ್ತಿದ್ದರು.

ಈತನು 1922ನೆಯ ಇಸವಿ ಏಪ್ರಿಲ್ 5ರಂದು ಲ್ಯಾಂಕಷೈರ್ ಪ್ರಾಂತದ ಪ್ರೆಸ್ಟನ್ ಪಟ್ಟಣದಲ್ಲಿ ಜನಿಸಿದನು. ನಾಲ್ಕನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಬಾಲಕನದು ಕೃಶವಾದ ಶರೀರ. ಆದರೆ ಕಾಲಿಗೆ ಚೆಂಡು ದೊರೆತರೆ ಅವನನ್ನು ಹಿಡಿಯುವವರಿರಲಿಲ್ಲ. ಊರಿನ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿನವರು ಹುಡುಗನನ್ನು ಸೇರಿಸಿಕೊಳ್ಳಲು ಮುಂದೆ ಬಂದಾಗ, ತಂದೆಯು ಕೊಳಾಯಿ ಕೆಲಸದ ಕಲಿಕೆಯು ಮೊದಲು ಪೂರ್ತಿಯಾಗಲೇಬೇಕೆಂದು ಹಟ ಹಿಡಿದನು. ಮಗನು ಆ ಮಾತನ್ನು ಮೀರಲಿಲ್ಲ.

1940ರಲ್ಲಿ ಆತನು ವೃತ್ತಿಯಾಟಗಾರನಾದನು. ಅಷ್ಟರಲ್ಲಿ ಮಹಾಯುದ್ಧವು ಬಂದೊದಗಿತ್ತು. ಈಜಿಪ್ಟಿನಲ್ಲಿಯೂ ಇಟಲಿಯಲ್ಲಿಯೂ ಟ್ಯಾಂಕು ದಳದಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿ, 1946ರ ಆಗಸ್ಟಿನಲ್ಲಿ ತನ್ನ ಮೊದಲನೆಯ ಲೀಗ್ ಪಂದ್ಯವನ್ನಾಡಿದಾಗ ವಯಸ್ಸು 24. ಮರುತಿಂಗಳೇ ಇಂಗ್ಲೆಂಡಿನ ತಂಡದಲ್ಲಿ ಸ್ಥಾನ ದೊರೆಯಿತು. ಹುಟ್ಟಿನಿಂದ ಎಡಗಾಲಿನವನಾದರೂ ಬಲಗಾಲನ್ನು ಸಮನಾಗಿ ಪಳಗಿಸಿಕೊಂಡು ಎಡಬದಿ, ಬಲಬದಿ, ನಡುಭಾಗ ಮೂರರಲ್ಲಿಯೂ ಮುನ್ನುಗ್ಗಿ ಆಡಬಲ್ಲವನಾಗಿದ್ದನು.

ಆ ಕಾಲದ ಇಂಗ್ಲೆಂಡಿನಲ್ಲಿ ಆಟಗಾರರ ವೇತನಕ್ಕೆ ಮೇಲ್ಮಿತಿಯಿದ್ದಿತು; 1952ರಲ್ಲಿ ಅದು ವಾರಕ್ಕೆ 14 ಪೌಂಡು. ಕ್ಲಬ್ಬು ಬಿಟ್ಟುಕೊಡದ ಹೊರತು ಆಟಗಾರನು ಬೇರೆಡೆಗೆ ಹೋಗುವಂತೆಯೂ ಇರಲಿಲ್ಲ. ಆ ವರ್ಷವೇ ಇಟಲಿಯ ಪಲೆರ್ಮೋ ಕ್ಲಬ್ಬಿನಿಂದ ಕರೆ ಬಂದಿತು. ಸೇರಿದೊಡನೆ 10,000 ಪೌಂಡು, ತಿಂಗಳಿಗೆ 130 ಪೌಂಡು, ಮೇಲಾಗಿ ಬಂಗಲೆ, ಮೋಟಾರು! ಪ್ರೆಸ್ಟನ್ನಿನ ಅಧಿಕಾರಿಗಳು ಖಂಡಿತವಾಗಿ ನಿರಾಕರಿಸಿದರು. ಫಿನ್ನಿಯು ಊರಿನಲ್ಲಿಯೇ ಉಳಿದನು.

ಇದನ್ನು ಸಂತೃಪ್ತಿಯ ಕಥೆಯೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಸಾವಿರಾರು ಜನರು ದುಡ್ಡು ಕೊಟ್ಟು ಯಾರ ಆಟವನ್ನು ನೋಡಬರುತ್ತಿದ್ದರೋ ಆತನಿಗೇ ತನ್ನ ದುಡಿಮೆಯ ಬೆಲೆಯನ್ನು ಕೇಳುವ ಹಕ್ಕಿರಲಿಲ್ಲ. ಇದು ಅನ್ಯಾಯವೆಂದೇ ನಾವು ಹೇಳಬೇಕು. ಆ ಮೇಲ್ಮಿತಿಯು ರದ್ದಾದದ್ದು 1961ರಲ್ಲಿ, ಫಿನ್ನಿಯು ನಿವೃತ್ತನಾದ ಮರುವರ್ಷ.

ಹೀಗಿದ್ದರೂ ಆತನು ಕಹಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ. ತಮ್ಮ ಕುಟುಂಬದ ಕೊಳಾಯಿ ವ್ಯವಹಾರವನ್ನು ಸಹೋದರನೊಡನೆ ನಡೆಯಿಸಿಕೊಂಡು ಬಂದನು. 1953ರಲ್ಲಿ ಗೋಲುಗಳ ಸರಾಸರಿಯ ಕೂದಲೆಳೆಯ ಅಂತರದಿಂದ ಲೀಗಿನ ಪ್ರಶಸ್ತಿಯು ಆರ್ಸೆನಲ್ ತಂಡದ ಪಾಲಾಯಿತು, 1954ರಲ್ಲಿ ಎಫ್‌.ಎ. ಕಪ್ಪಿನ ಅಂತಿಮ ಪಂದ್ಯವೂ 3–2ರಿಂದ ಕೈತಪ್ಪಿತು. 1954 ಮತ್ತು 1957ರಲ್ಲಿ ವರ್ಷದ ಶ್ರೇಷ್ಠ ಆಟಗಾರನೆಂಬ ಗೌರವವು ಆತನಿಗೆ ಸಂದಿತು. ಅದನ್ನು ಎರಡು ಬಾರಿ ಪಡೆದವರಲ್ಲಿ ಈತನೇ ಮೊದಲಿಗನು. 433 ಲೀಗ್ ಪಂದ್ಯಗಳಲ್ಲಿ 187 ಗೋಲುಗಳನ್ನು ಹೊಡೆದು, ಒಂದೇ ಕ್ಲಬ್ಬಿನವನಾಗಿ 1960ರಲ್ಲಿ ಆಟದಿಂದ ನಿವೃತ್ತನಾದನು.

1998ರಲ್ಲಿ ‘ಸರ್’ ಪದವಿ ದೊರೆಯಿತು. ಮರೆವಿನ ರೋಗಕ್ಕೆ ತುತ್ತಾದ ಪತ್ನಿ ಎಲ್ಸಿಯನ್ನು, ಆಕೆಯು 2004ರಲ್ಲಿ ತೀರಿಕೊಳ್ಳುವವರೆಗೂ, ಆತನು ತಾನೇ ಆರೈಕೆ ಮಾಡಿದನು. ಅದೇ ವರ್ಷ ಡೀಪ್‌ಡೇಲ್ ಮೈದಾನದ ಹೊರಗೆ ಆತನ ಪ್ರತಿಮೆಯನ್ನು ನಿಲ್ಲಿಸಿದರು. ನೀರು ತುಂಬಿದ ಮೈದಾನದಲ್ಲಿ ಚೆಂಡಿನ ಬೆನ್ನು ಹತ್ತಿ, ಸುತ್ತಲೂ ನೀರನ್ನು ಚಿಮ್ಮಿಸಿಕೊಂಡು ಸಾಗುವ ಭಂಗಿ ಅದು. 2014ರ ಫೆಬ್ರವರಿ 14ರಂದು, ತನ್ನ 91ನೆಯ ವಯಸ್ಸಿನಲ್ಲಿ, ಆತನು ಕಾಲವಶನಾದನು.

ಕಸುಬು ಕಲಿಯದೆ ಆಟವಿಲ್ಲವೆಂದ ಆ ತಂದೆಯ ಮಾತನ್ನು ನಾವು ಮತ್ತೆ ನೆನೆಯುತ್ತೇವೆ. ಪಲೆರ್ಮೋದ ಬಾಗಿಲು ಮುಚ್ಚಿದ ದಿನವೂ ಮಗನ ಮನೆಯು ಯಾರ ಔದಾರ್ಯವನ್ನೂ ಕಾಯಬೇಕಾಗಿರಲಿಲ್ಲ. ಮಕ್ಕಳ ಪ್ರತಿಭೆಯನ್ನು ಕಂಡು ಹಿಗ್ಗುವ ತಾಯ್ತಂದೆಗಳು ಇಷ್ಟನ್ನು ಮನಸ್ಸಿಗೆ ತಂದುಕೊಂಡರೆ ಸಾಕು.