ಬೆಳೆದನು, ಬೆಳೆದಾನು

ಇನ್ನೂ ಆಗಿಲ್ಲ, ಆದರೆ ಆದರೂ ಆಗಬಹುದು ಎಂಬುದನ್ನು ಒಂದೇ ಕ್ರಿಯಾಪದದಲ್ಲಿ ಹೇಳುವ ರೂಪಕ್ಕೆ ಕನ್ನಡ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಹೆಸರು. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ, ರಾಜ್ಯದ ಉಳಿದ ಕಡೆಯಂತೆಯೇ, ವಿಧ್ಯರ್ಥಕ ಮತ್ತು ನಿಷೇಧಾರ್ಥಕಗಳ ಜೊತೆಗೆ ಇದನ್ನು ಕಲಿಸುತ್ತಾರೆ. ಈ ತಾಲ್ಲೂಕುಗಳಿರುವ ತುಮಕೂರು ಜಿಲ್ಲೆಯ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರ (1906–1966) ‘ಕನ್ನಡ ಮಧ್ಯಮ ವ್ಯಾಕರಣ’ ಹಲವು ತಲೆಮಾರಿನ ವಿದ್ಯಾರ್ಥಿಗಳ ಕೈಪಿಡಿ. ‘ಬಂದಾನು’, ‘ಹೋದೀತು’ ಎಂದು ಎರಡು ಉದಾಹರಣೆ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಕ್ಕೀತು. ಆದರೆ ನೋಡತಕ್ಕದ್ದು ಆ ರೂಪದ ಕಟ್ಟನ್ನು.

‘ಬೆಳೆ’ ಧಾತುವನ್ನೇ ತೆಗೆದುಕೊಳ್ಳಬಹುದು. ಭೂತಕಾಲದಲ್ಲಿ ನಾನು ಬೆಳೆದೆನು, ನಾವು ಬೆಳೆದೆವು, ನೀವು ಬೆಳೆದಿರಿ, ಅವನು ಬೆಳೆದನು, ಅವಳು ಬೆಳೆದಳು, ಅವರು ಬೆಳೆದರು. ಪ್ರತ್ಯಯದ ಮೊದಲ ಸ್ವರವನ್ನು ದೀರ್ಘ ಮಾಡಿದರೆ ಬೆಳೆದೇನು, ಬೆಳೆದೇವು, ಬೆಳೆದೀರಿ, ಬೆಳೆದಾನು, ಬೆಳೆದಾಳು, ಬೆಳೆದಾರು. ಆಗಿಹೋದದ್ದು ಆಗಬಹುದಾದದ್ದಾಗಲು ಒಂದು ಮಾತ್ರೆ ಸಾಕು. ಮುಂದಿನದನ್ನು ಹೇಳುವ ರೂಪ ಹಿಂದಿನ ಕಾಲದ ಧಾತುರೂಪದ ಮೇಲೆ ನಿಂತಿರುವುದೇ ಇಲ್ಲಿನ ಸೋಜಿಗ. ‘ನೀನು’ ಮತ್ತು ‘ಅದು’ ಮಾತ್ರ ಈ ಸಾಲಿನಿಂದ ಕೊಂಚ ಸರಿದು ನಿಲ್ಲುತ್ತವೆ: ಬೆಳೆದೀಯೆ, ಬೆಳೆದೀತು. ‘ಮಾಡು’ವಿನಂಥ ಧಾತುಗಳಲ್ಲಿ ದಕಾರದ ಜಾಗಕ್ಕೆ ಯಕಾರ ಬರುತ್ತದೆ: ಮಾಡಿದನು, ಮಾಡಿಯಾನು. ಭೂತರೂಪ ಗೊತ್ತಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ಕೊಟ್ಟನು ಕೊಟ್ಟಾನು ಆಗುತ್ತದೆ, ಇದ್ದನು ಇದ್ದಾನು.

ಸ್ಪ್ಯಾನಿಷ್ ಇದಕ್ಕೆ ಬೇರೆ ದಾರಿ ಹಿಡಿದಿದೆ. ‘ಮಾತಾಡುವುದು’ ಎಂಬ ಅರ್ಥದ ‘ಆಬ್ಲಾರ್’ ಅನ್ನು ಮುರಿಯದೆ ಇಡಿಯಾಗಿ ಉಳಿಸಿಕೊಂಡು ಅದರ ಕೊನೆಗೆ ‘ಈಯ’ ಹಚ್ಚುತ್ತಾರೆ. ನಾನು ಮಾತಾಡಿಯೇನು ಎನ್ನಲು ಆಬ್ಲಾರೀಯ, ನೀನಾದರೆ ಆಬ್ಲಾರೀಯಾಸ್, ನಾವಾದರೆ ಆಬ್ಲಾರೀಯಾಮೋಸ್, ಅವರಾದರೆ ಆಬ್ಲಾರೀಯಾನ್. ‘ನಾನು’ ಮತ್ತು ‘ಅವನು’ ಎರಡಕ್ಕೂ ಒಂದೇ ರೂಪ. ಆರ್, ಏರ್, ಈರ್ ಎಂದು ಕೊನೆಗೊಳ್ಳುವ ಮೂರು ಗುಂಪಿನ ಧಾತುಗಳಿಗೂ ಪ್ರತ್ಯಯಗಳು ಇವೇ. ‘ತೆನೇರ್’ ‘ತೆಂದ್ರೀಯ’ ಆಗುವಂಥ ಬೆರಳೆಣಿಕೆಯ ಅಪವಾದಗಳಿವೆ. ಅವುಗಳಲ್ಲಿಯೂ ಬದಲಾಗುವುದು ಧಾತುವೇ ಹೊರತು ಪ್ರತ್ಯಯವಲ್ಲ.

ಬಯಲುಸೀಮೆಯ ಆಡುಮಾತಿನಲ್ಲಿ ಇಂದು ‘ಬರಬಹುದು’ ಎಂಬುದೇ ಹೆಚ್ಚು. ನಾನು, ನೀನು, ಅವರು ಎಲ್ಲರಿಗೂ ಅದೊಂದೇ ಸಾಕು. ಪಾವಗಡದಲ್ಲಿ ಮನೆಮಾತಾಗಿ ತೆಲುಗು ಆಡುವವರ ‘ರಾವಚ್ಚು’ ಕೂಡ ಹೀಗೆಯೇ ಯಾವ ಪುರುಷಕ್ಕೂ ಬದಲಾಗದು. ಹಾಗೆಂದು ಸಂಭಾವನಾರ್ಥಕ ಪುಸ್ತಕಕ್ಕೆ ಸೀಮಿತವಾಯಿತು ಎನ್ನುವಂತಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವ ಹುಡುಗನಿಗೆ ‘ಹುಷಾರು ಕಣೋ, ಬಿದ್ದುಗಿದ್ದೀಯ!’ ಎಂದರೆ ಅದು ಎಚ್ಚರಿಕೆ. ‘ಬೀಳಬಹುದು’ ಎಂದರೆ ಆ ಕಾಳಜಿಯ ಬಿಸಿ ಇರುವುದಿಲ್ಲ. ಸಾಲಗಾರನ ವಿಷಯದಲ್ಲಿ ‘ಅವನು ಕೊಟ್ಟಾನೇ?’ ಎಂದು ಕೇಳಿದರೆ ಕೊಡುವುದಿಲ್ಲ ಎಂದೇ ಅರ್ಥ. ಧಾರವಾಡದ ಕಡೆಯ ‘ಬಂದಾನ’ವನ್ನು ಮಾತ್ರ ಇದರೊಡನೆ ಬೆರೆಸಬಾರದು. ಅಲ್ಲಿ ಅದಕ್ಕೆ ‘ಬಂದಿದ್ದಾನೆ’ ಎಂದೇ ಅರ್ಥ.

ಷರತ್ತು ಸೇರಿದಾಗ ಹಳಗನ್ನಡದ ‘ಬಂದೊಡೆ’ಯಿಂದ ಇಳಿದ ‘ಬಂದರೆ’ ಮುಂದೆ ನಿಲ್ಲುತ್ತದೆ: ‘ಹದವಾದ ಮಳೆ ಬಂದರೆ ಕಡ್ಲೆಕಾಯಿ ಚೆನ್ನಾಗಿ ಬೆಳೆದೀತು.’ ಇದನ್ನು ಇಲ್ಲವೆನ್ನಬೇಕಾದರೆ ನೇರ ರೂಪವಿಲ್ಲ. ‘ಬೆಳೆಯದೆ ಹೋದೀತು’ ಎಂದು ಸುತ್ತಿ ಹೇಳಬೇಕು. ಕೈತಪ್ಪಿಹೋದ ಸಂಗತಿಗೂ ಸಂಭಾವನಾರ್ಥಕ ಒದಗುವುದಿಲ್ಲ. ಮಳೆ ಕೈಕೊಟ್ಟ ಮೇಲೆ ಶಿರಾದ ರೈತ ‘ಬಂದಿದ್ದರೆ ಬೆಳೆಯುತ್ತಿದ್ದೆವು’ ಎನ್ನುತ್ತಾನೆ, ‘ಬೆಳೆದೇವು’ ಎನ್ನುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಅಲ್ಲಿಯೂ ಅದೇ ‘ಈಯ’ ನಡೆಯುತ್ತದೆ. ‘ಅಬೇರ್’ ಎಂಬ ಸಹಾಯಕ ಧಾತುವಿಗೆ ಅದು ಸೇರಿ ‘ಅಬ್ರೀಯಾಮೋಸ್’ ಆಗುತ್ತದೆ, ಮುಖ್ಯ ಕ್ರಿಯೆ ಅದರ ಹಿಂದೆ ಬರುತ್ತದೆ.